ನೂರಾ ಹನ್ನೆರಡನೇ ಬಿಲ್ಲೆ

ಒಂದು ನಾಯಿ. ಅದಕ್ಕೆ ಇಬ್ಬರು ಯಜಮಾನರು. ಒಬ್ಬರು ಬದುಕಿದ್ದಾರೆ, ಇನ್ನೊಬ್ಬರು ತೀರಿಕೊಂಡು ನಾಲ್ಕು ತಿಂಗಳು. ಇಬ್ಬರೂ ಒಂದೇ ಗಳಿಗೆಯಲ್ಲಿ ಕರೆದರೆ ಆ ನಾಯಿ ಯಾರ ಹಿಂದೆ ಹೋಗುತ್ತೆ? ಹೇಳಿ ನೋಡೋಣ...

ಅವಸರ ಬೇಡ. ಯೋಚನೆ ಮಾಡ್ತಾ ಇರಿ. ಅಷ್ಟರಲ್ಲಿ ಆ ಕಿಟಕಿ ಕದ ಒಂಚೂರು ಮುಂದಕ್ಕೆ ಮಾಡಿ. ಅದು ಬಡಿದುಕೊಳ್ಳುತ್ತಿದ್ದರೆ ನನಗೆ ಮಾತು ತಪ್ಪುತ್ತೆ. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದವನು ನಾನು. ಶಬ್ದ ಹೇಗೆ ಹುಟ್ಟುತ್ತೆ, ಎಷ್ಟು ದೂರ ಹೋಗುತ್ತೆ ಅಂತ ಕರಿಹಲಗೆಯ ಮೇಲೆ ಬರೆದೂ ಬರೆದೂ ಸವೆಸಿದ ಸೀಮೆಸುಣ್ಣಕ್ಕೆ ಮಿತಿಯಿಲ್ಲ. ಅಂಥವನೇ ಹೇಳುತ್ತಿದ್ದೇನೆ, ಈ ಕತೆಯಲ್ಲಿ ಬರುವ ಸದ್ದುಗಳಿಗೆ ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ. ಇಲ್ಲದಿರುವುದೂ ಒಂದು ಸುಖ ಅನ್ನಿ. ನಿವೃತ್ತಿಯಾದ ಮೇಲೆ ‘ಗೊತ್ತಿಲ್ಲ’ ಅಂತ ಧಾರಾಳವಾಗಿ ಹೇಳಬಹುದು, ಯಾರೂ ಸಂಬಳ ಹಿಡಿಯುವುದಿಲ್ಲ.

ಇದು ನನ್ನ ಚಿಕ್ಕಮ್ಮನ ಮಗನಿಗೆ ಆದದ್ದು. ನನಗಿಂತ ಆರು ವರ್ಷ ಚಿಕ್ಕವನು, ಪುರಸಭೆಯಲ್ಲಿ ಕೆಲಸ. ಮನೆಯವರೆಲ್ಲ ಅವನನ್ನು ‘ಕಲಂ’ ಅಂತ ಕರೆಯುತ್ತಿದ್ದೆವು. ಯಾಕೆಂದರೆ ಬಾಯಿ ಬಿಟ್ಟರೆ ಇಂಥ ಕಲಮಿನ ಪ್ರಕಾರ, ಅಂಥ ಕಲಮಿನ ಪ್ರಕಾರ. ಊಟಕ್ಕೆ ಕೂತಾಗ ನೀರಿನ ಲೋಟ ಎಡಗಡೆ ಇಟ್ಟರೆ ಅದಕ್ಕೂ ಒಂದು ಕಲಂ ತೆಗೆಯುತ್ತಿದ್ದ, ಪುಣ್ಯಾತ್ಮ.

ಊರು ಸಣ್ಣದು. ಪುರಸಭೆಯಲ್ಲಿ ಮೇಜು ಕಡಿಮೆ, ಕೆಲಸ ಜಾಸ್ತಿ. ಹಾಗಾಗಿ ಸಾಕುನಾಯಿಗಳ ಲೈಸೆನ್ಸು, ಸ್ಮಶಾನದ ಉಸ್ತುವಾರಿ, ಎರಡೂ ಕಲಮಿನ ಮೇಜಿಗೇ ಬಂದಿದ್ದವು. ಎಡಗಡೆ ಬೀರುವಿನಲ್ಲಿ ನಾಯಿಗಳು, ಬಲಗಡೆ ಬೀರುವಿನಲ್ಲಿ ಸತ್ತವರು. ನಡುವೆ ಇವನು.

ನಾಯಿಯ ನಿಯಮ ಹೀಗೆ. ನಾಲ್ಕು ತಿಂಗಳು ತುಂಬಿದ ಪ್ರತಿ ನಾಯಿಯ ಕೊರಳಿಗೂ ಪುರಸಭೆಯ ಹಿತ್ತಾಳೆ ಬಿಲ್ಲೆ ಇರಬೇಕು. ಬಿಲ್ಲೆಯ ಮೇಲೆ ನಂಬರು. ಒಂದು ವರ್ಷ ದುಂಡನೆಯ ಬಿಲ್ಲೆ, ಮರುವರ್ಷ ಚೌಕ. ನಾಯಿ ಹಿಡಿಯುವ ವ್ಯಾನಿನವನಿಗೆ ದೂರದಿಂದಲೇ ಗೊತ್ತಾಗಲಿ ಅಂತ. ನಾಯಿ ಸತ್ತರೆ ಬಿಲ್ಲೆ ವಾಪಸ್ ಕೊಡಬೇಕು. ಬಿಲ್ಲೆ ವಾಪಸ್ ಬಂದರೇ ರಿಜಿಸ್ಟರಿನಲ್ಲಿ ನಾಯಿ ಸತ್ತಂತೆ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಆ ವರ್ಷ ಮಾರ್ಚಿನಲ್ಲಿ ಗಡಿಯಾರ ರಿಪೇರಿಯವನ ನಾಯಿ ಸತ್ತಿತು. ಒಂಟಿ ಮನುಷ್ಯ. ಅಂಗಡಿ ಅಂದರೆ ಒಂದು ಕಪಾಟಿನಷ್ಟೇ ಅಗಲ. ಅಂಗಿಯ ಎರಡೂ ಜೇಬಿನಲ್ಲಿ ಯಾರ್‍ಯಾರದೋ ಗಡಿಯಾರ. ಪಕ್ಕದಲ್ಲಿ ನಿಂತರೆ ಟಿಕಟಿಕ ಟಿಕ್ಕಟಿಕ ಅಂತ ಒಂದಕ್ಕೊಂದು ಹೊಂದದ ಸದ್ದು, ಹತ್ತಾರು ಇರುವೆಗಳಿಗೆ ಬೂಟು ಹಾಕಿ ನಡೆಸಿದ ಹಾಗೆ. ಕಲಂ ಅವನಿಗೆ ನೋಟೀಸು ಕಳಿಸಿದ. ಬಿಲ್ಲೆ ಒಪ್ಪಿಸಿ ಅಂತ. ಆ ಮನುಷ್ಯ ಬಂದು ಮೇಜಿನ ಮುಂದೆ ನಿಂತ.

“ಸಾರ್, ರಾತ್ರಿ ಅದು ಮಗ್ಗುಲು ಬದಲಾಯಿಸಿದಾಗೆಲ್ಲ ಬಿಲ್ಲೆ ಟಿಣ್ ಅಂತಿತ್ತು. ಹದಿಮೂರು ವರ್ಷ ಆ ಸದ್ದಲ್ಲೇ ಮಲಗಿದೀನಿ. ಇದೊಂದು ವರ್ಷ ನನ್ನ ಹತ್ರಾನೇ ಇರ್ಲಿ.”

“ಹಾಗೆಲ್ಲ ಬರಲ್ಲ. ಬಿಲ್ಲೆ ಬರೋವರೆಗೂ ನಮ್ಮ ಪುಸ್ತಕದಲ್ಲಿ ನಿಮ್ಮ ನಾಯಿ ಬದುಕೇ ಇರುತ್ತೆ.”

ಆ ಮನುಷ್ಯ ನಕ್ಕನಂತೆ. “ಹಾಗಾದ್ರೆ ಬದುಕೇ ಇರ್ಲಿ ಸಾರ್,” ಅಂದು ಹೊರಟೇ ಹೋದ.

ಜುಲೈನಲ್ಲಿ ಅವನೂ ಹೋದ. ಅವನ ಅಕ್ಕ ಸಮಾಧಿಯ ಕಲ್ಲಿಗೆ ಒಂದು ಸಣ್ಣ ಕೊಕ್ಕೆ ಹೊಡೆಸಿ, ತಾಮ್ರದ ತಂತಿಯಲ್ಲಿ ಆ ಬಿಲ್ಲೆಯನ್ನು ನೇತುಹಾಕಿದಳು. ನೂರಾ ಹನ್ನೆರಡು. ಗಾಳಿ ಬಂದರೆ ಕಲ್ಲಿಗೆ ತಾಗಿ... ಟಿಣ್.

ಈಗ ಬಲಗಡೆ ಬೀರು. ನವೆಂಬರಿನಲ್ಲಿ ಪುರಸಭೆ ಹೊಸ ನಿಯಮ ಮಾಡಿತು. ಸಮಾಧಿಗಳ ಮೇಲೆ ಗಾಜು ಇಡಬಾರದು, ಗೊಂಬೆ ಇಡಬಾರದು, ಒಂದು ಗೇಣಿಗಿಂತ ಎತ್ತರದ್ದು ಯಾವುದೂ ಇರಬಾರದು, ನೇತಾಡುವುದಂತೂ ಕೂಡದೇ ಕೂಡದು. ತೆಗೆದ ಸಾಮಾನನ್ನು ಏಳು ದಿನ ಕಚೇರಿಯ ಪೆಟ್ಟಿಗೆಯಲ್ಲಿ ಇಡುತ್ತಾರೆ. ವಾರಸುದಾರರು ಬಂದು ರಸೀತಿ ಪುಸ್ತಕದಲ್ಲಿ ಸಹಿ ಮಾಡಿ ಒಯ್ಯಬಹುದು. ಏಳು ದಿನ ಕಳೆದರೆ ಅದು ಪುರಸಭೆಯದು. ನೋಟೀಸು ಬರೆದವನು ನಮ್ಮ ಕಲಂ. ಅಕ್ಷರ ಮುತ್ತಿನ ಹಾಗೆ.

ಒಂದು ಗುರುವಾರ ತಾನೇ ಹೋಗಿ ಗೋರಿ ಗೋರಿ ಸುತ್ತಿ ಎಲ್ಲ ಕಿತ್ತು ತಂದ. ಗಾಜಿನ ಹೂದಾನಿ, ಬಣ್ಣದ ಗಿರಿಗಟ್ಲೆ, ಒಂದು ಆಟದ ರೈಲು. ಮತ್ತೆ ಈ ಬಿಲ್ಲೆ. ಪೆಟ್ಟಿಗೆಗೆ ಹಾಕಿ ಬೀಗ ಜಡಿದ. ಮುಂದಿನ ಗುರುವಾರ ಗಡುವು.

ಇಲ್ಲಿಯವರೆಗೆ ತಪ್ಪು ಅಂತ ನಾನು ಹೇಳಲಾರೆ. ತಪ್ಪು ಆಮೇಲೆ ಆಯಿತು.

ಇವನ ಮಗಳು ಪುಟ್ಟಿಗೆ ಆಗ ಒಂಬತ್ತು ವರ್ಷ. ಅವಳದೊಂದು ಮರಿ, ‘ಬಟಾಣಿ’ ಅಂತ ಹೆಸರು. ಕಂದು ಬಣ್ಣ, ಹೊಟ್ಟೆ ಮಾತ್ರ ಬಿಳಿ, ಸಿಕ್ಕಿದ್ದನ್ನೆಲ್ಲ ಕಚ್ಚಿ ಎಳೆಯುವ ಪೋಲಿ ಮರಿ. ಅದಕ್ಕೆ ಆ ಶನಿವಾರ ನಾಲ್ಕು ತಿಂಗಳು ತುಂಬಿತು. ಸೋಮವಾರ ಆ ಬೀದಿಗೆ ವ್ಯಾನು. ಆದರೆ ಕಚೇರಿಯಲ್ಲಿ ಬಿಲ್ಲೆ ಖಾಲಿ! ನಂಬರು ಒತ್ತುವ ಅಚ್ಚು ಮುರಿದು ಹೊಸ ಬಿಲ್ಲೆಗಳು ಬಂದಿರಲಿಲ್ಲ. ಲೈಸೆನ್ಸು ಕೊಡುವವನ ಮನೆಯ ನಾಯಿಯನ್ನೇ ವ್ಯಾನಿನವನು ಎತ್ತಿಕೊಂಡು ಹೋದರೆ? ಊರೆಲ್ಲ ಹಲ್ಲು ಕಿಸಿಯುತ್ತೆ. ಅದಕ್ಕಿಂತ ಹೆಚ್ಚಾಗಿ, ಎತ್ತಿಕೊಂಡು ಹೋದ ನಾಯಿಗಳು ವಾಪಸ್ ಬರುತ್ತಿರಲಿಲ್ಲ. ಪುಟ್ಟಿ ರಾತ್ರಿಯೆಲ್ಲ ಮರಿಯನ್ನು ತಬ್ಬಿಕೊಂಡು ಕೂತಳಂತೆ.

ಕಲಂ ಶನಿವಾರ ಪೆಟ್ಟಿಗೆ ತೆಗೆದ. ದುಂಡನೆಯ ಬಿಲ್ಲೆ, ಆ ವರ್ಷದ್ದೇ. ಡಿಸೆಂಬರ್ ಕೊನೆಯವರೆಗೆ ಚಾಲ್ತಿ. ನೂರಾ ಹನ್ನೆರಡನ್ನು ಬಟಾಣಿಯ ಕೊರಳಪಟ್ಟಿಗೆ ಹಾಕಿದ. ರಿಜಿಸ್ಟರಿನಲ್ಲಿ ಹೊಡೆದು ತಿದ್ದುವ ಹಾಗಿಲ್ಲ, ಅದೂ ಒಂದು ಕಲಂ. ಹೊಸ ಬಿಲ್ಲೆ ಬಂದ ಮೇಲೆ ಎಲ್ಲ ಸರಿ ಮಾಡಿದರಾಯಿತು ಅಂತ, ಗಡಿಯಾರದವನ ಹೆಸರು ಇದ್ದ ಹಾಗೇ ಬಿಟ್ಟ.

ಗಡುವಿಗೆ ಇನ್ನೂ ಐದು ದಿನ ಇತ್ತು.

ಭಾನುವಾರ. ಮಧ್ಯರಾತ್ರಿ ಅಂದುಕೊಂಡಿರಾ? ಅಲ್ಲ ಸ್ವಾಮಿ, ಏಳೂವರೆ. ಚಳಿಗಾಲ, ಬೇಗ ಕತ್ತಲು. ಮರಿಯನ್ನು ಸುತ್ತಾಡಿಸಿಕೊಂಡು ಇವನು ಸ್ಮಶಾನದ ಗೋಡೆಯ ಪಕ್ಕದಲ್ಲಿ ಮನೆ ಕಡೆ ಬರುತ್ತಿದ್ದ. ಗೇಟಿನ ಹತ್ತಿರ ಒಂದು ಬಾವಿ. ಸಮಾಧಿಯ ಹೂಗಿಡಕ್ಕೆ ನೀರು ಸೇದಲಿ ಅಂತ ತೋಡಿಸಿದ್ದು. ಬಾವಿ ದಾಟಬೇಕು... ಮರಿ ನಿಂತಿತು.

ಒಂದು ಸಿಳ್ಳೆ. ಎರಡೇ ಸ್ವರ. ಮೊದಲನೆಯದು ತಗ್ಗಿನಲ್ಲಿ, ಉದ್ದಕ್ಕೆ... ಎರಡನೆಯದು ಮೇಲೆ, ಕತ್ತರಿಸಿದ ಹಾಗೆ. ಸುಯ್ಯ್... ವಿಕ್.

ಮರಿ ಕೂತಿತು. ಕಲಿಸಿದ ನಾಯಿ ಕೂರುತ್ತಲ್ಲ, ಬೆನ್ನು ನೆಟ್ಟಗೆ ಮಾಡಿ, ಹಾಗೆ. ಪುಟ್ಟಿ ತಿಂಗಳುಗಟ್ಟಲೆ ‘ಕೂತ್ಕೋ ಕೂತ್ಕೋ’ ಅಂದರೂ ಒಂದು ದಿನ ಕೂತದ್ದಲ್ಲ ಅದು.

“ಏಳು ಬಟಾಣಿ,” ಅಂದ.

ಕಿವಿಯೂ ಅಲ್ಲಾಡಿಸಲಿಲ್ಲ. ಕಲ್ಲಿನ ಹಾಗೆ ಕೂತಿತ್ತು. ಆದರೆ ಬಿಲ್ಲೆ ಮಾತ್ರ... ಟಿಣ್. ಸ್ವಲ್ಪ ಹೊತ್ತು ಬಿಟ್ಟು... ಟಿಣ್. ಗಾಳಿ ಇರಲಿಲ್ಲ. ನಾನು ಕೇಳಿದ್ದೇನೆ, ಒಂದಲ್ಲ ಹತ್ತು ಸಲ ಕೇಳಿದ್ದೇನೆ, “ಗಾಳಿ ಇತ್ತೇನೋ?” “ಇರ್ಲಿಲ್ಲ ಅಣ್ಣ. ನನ್ನ ಬೀಡಿ ಹೊಗೆ ನೆಟ್ಟಗೆ ಮೇಲಕ್ಕೆ ಹೋಗ್ತಿತ್ತು.”

ಮರಿಯನ್ನು ಎತ್ತಿಕೊಂಡು ಮನೆಗೆ ಬಂದ. ಯಾರಿಗೂ ಹೇಳಲಿಲ್ಲ.

ಸೋಮವಾರ ವ್ಯಾನು ಬಂತು, ಬಿಲ್ಲೆ ನೋಡಿತು, ಹೋಯಿತು. ಇವನಿಗೆ ಜೀವ ಬಂತು. ಆದರೆ ಆ ಸಂಜೆಯಿಂದ ಬಟಾಣಿ ಹಿಂದಿನ ಬಲಗಾಲನ್ನು ಎಳೆಯತೊಡಗಿತು.

ಮಂಗಳವಾರ ಬೆಳಿಗ್ಗೆ ಪುಟ್ಟಿ ಕೇಳಿದಳು, “ಅಪ್ಪಾ, ಬಟಾಣಿ ಎಡಗಿವಿ ಮೊದ್ಲಿಂದ್ಲೂ ಹರಿದಿತ್ತಾ?”

ಹೆಂಡತಿ ಬಗ್ಗಿ ನೋಡಿದಳು. ತುದಿಯಲ್ಲಿ ಒಂದು ಸೀಳು. ರಕ್ತವಿಲ್ಲ, ಗಾಯವಿಲ್ಲ. ಎಷ್ಟೋ ವರ್ಷದ ಹಿಂದೆ ಹರಿದು ಒಣಗಿದ ಅಂಚು. ನಾಲ್ಕು ತಿಂಗಳ ಮರಿಗೆ!

ಇವನು ಕೂಡಲೇ ಅಂಗಿ ತೊಟ್ಟು ಹೊರಟ. ಕಚೇರಿಗೆ ಹೋದವನೇ ಎಡಗಡೆ ಬೀರು ತೆಗೆದು ರಿಜಿಸ್ಟರು ಬಿಡಿಸಿದ. ನೂರಾ ಹನ್ನೆರಡು. ನಾಯಿಯ ಚಹರೆ ಅನ್ನುವ ಅಂಕಣದಲ್ಲಿ, ಅವನದೇ ಮುತ್ತಿನಂಥ ಅಕ್ಷರ: ‘ಗಂಡು. ಕಂದು. ಎಡಗಿವಿಯ ತುದಿ ಹರಿದಿದೆ. ಹಿಂದಿನ ಬಲಗಾಲು ಕುಂಟು. ಮೂತಿ ನರೆತಿದೆ. ವಯಸ್ಸು ಹದಿಮೂರು.’

ಬುಧವಾರ ಬಟಾಣಿಯ ಮೂತಿ ಬೆಳ್ಳಗಾಗಿತ್ತು.

ಪಶುವೈದ್ಯೆ ಎತ್ತರದ ಹೆಂಗಸು, ಮಾತು ಖಡಕ್ಕು. ಹಲ್ಲು ನೋಡಿದಳು, ಕಣ್ಣಿಗೆ ಬ್ಯಾಟರಿ ಬಿಟ್ಟಳು, ಎದೆಗೆ ಕೊಳವೆ ಇಟ್ಟಳು.

“ಮುದಿ ನಾಯಿ. ಹೃದಯ ಸೋತಿದೆ. ಒಂದೆರಡು ದಿನ ಇರಬಹುದು.”

“ಡಾಕ್ಟ್ರೇ, ಇದು ಮರಿ...”

“ತಮಾಷೆ ಮಾಡೋಕೆ ನಾನೇ ಸಿಕ್ಕಿದ್ನಾ? ಹೋದ ತಿಂಗಳು ನೀವು ಸೂಜಿ ಹಾಕ್ಸೋಕೆ ತಂದಿದ್ರಲ್ಲ, ಅದು ಮರಿ. ಅದನ್ನ ಕರ್‍ಕೊಂಡು ಬನ್ನಿ.”

ಆ ರಾತ್ರಿ ಗಂಡ ಹೆಂಡಿರ ಪಿಸುಮಾತು. ಪುಟ್ಟಿ ಪಕ್ಕದ ಕೋಣೆಯಲ್ಲಿ, ಮರಿ ಅವಳ ಕಾಲ ಬಳಿ. ಕಲಂ ಎಲ್ಲ ಹೇಳಿದ್ದ.

“ತೆಗೀರಿ ಅದನ್ನ. ಈಗ್ಲೇ.”

“ತೆಗೆದ್ರೆ ಶುಕ್ರವಾರ ವ್ಯಾನು ಮತ್ತೆ ಬರುತ್ತೆ. ಕೊರಳು ಖಾಲಿ ಕಂಡ್ರೆ ಎತ್ಕೊಂಡು ಹೋಗ್ತಾನೆ.”

“ಇಲ್ದಿದ್ರೆ ಇಲ್ಲೇ ಸಾಯುತ್ತೆ!”

“ನಾಳೆ ಒಂದು ದಿನ ಕಣೇ... ನಾಳೆಗೆ ಗಡುವು ಮುಗಿಯುತ್ತೆ. ಆಮೇಲೆ ಬಿಲ್ಲೆ ಕಾನೂನು ಪ್ರಕಾರ ಪುರಸಭೆದು. ಅವನ ಹಕ್ಕು ಹೋಯ್ತು. ಕಚೇರಿ ಮುಚ್ಚೋದು ಐದಕ್ಕೆ. ಐದರವರೆಗೆ ತಳ್ಳಿದ್ರೆ ಸಾಕು.”

ನೋಡಿದಿರಾ, ಮಹಾನುಭಾವನ ತಲೆ! ದೆವ್ವಕ್ಕೂ ಕಲಂ! ನಾನಾಗಿದ್ದರೆ ಅವತ್ತೇ ಚಪ್ಪಲಿಯನ್ನೂ ಮೆಟ್ಟದೆ ಓಡಿಹೋಗಿ ವಾಪಸ್ ಕೊಟ್ಟು ಬರುತ್ತಿದ್ದೆ.

ಗುರುವಾರ ಕಚೇರಿಯಲ್ಲಿ ಗೋಡೆಯ ಗಡಿಯಾರ ನೋಡುತ್ತಲೇ ಕೂತ. ಮೂರು. ನಾಲ್ಕು. ಯಾರೂ ಬರಲಿಲ್ಲ. ಐದು ಹೊಡೆಯಿತು. ರಸೀತಿ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಸೊಂಟದ ದಾರಕ್ಕೆ ಕಟ್ಟಿಕೊಂಡು, ಹಗುರಾಗಿ ಮನೆಗೆ ಬಂದ. ಬಟಾಣಿ ಅಡುಗೆಮನೆಯ ಮೂಲೆಯಲ್ಲಿ ಗೋಣಿಯ ಮೇಲೆ ಮಲಗಿತ್ತು. ಉಸಿರು ಗರ... ಗರ... ಪುಟ್ಟಿ ಚಮಚದಲ್ಲಿ ಹಾಲು ಹಿಡಿದಿದ್ದಳು. ಅದು ಬಾಯಿ ತೆರೆಯಲಿಲ್ಲ.

“ಇನ್ನು ಸರಿಹೋಗುತ್ತೆ ಕಂದಾ,” ಅಂದ.

ಆರು. ಏಳು. ಸರಿಹೋಗಲಿಲ್ಲ.

ಆಗ ಅವನಿಗೆ ತಾನು ಬರೆದ ನೋಟೀಸು ಕಣ್ಣ ಮುಂದೆ ಬಂತಂತೆ. ‘ಏಳನೆಯ ದಿನ ಮುಗಿಯುವುದರೊಳಗೆ.’ ಅಷ್ಟೇ. ‘ಕಚೇರಿಯ ವೇಳೆಯಲ್ಲಿ’ ಅಂತ ಸೇರಿಸುವುದನ್ನು ಮರೆತಿದ್ದ. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಮೊದಲ ಸಲ.

ಏಳೂವರೆ.

ಸುಯ್ಯ್... ವಿಕ್.

ಬೀದಿಯಿಂದಲ್ಲ. ಹಿತ್ತಿಲ ಬಾಗಿಲ ಆಚೆಯಿಂದ.

ದಿನವೆಲ್ಲ ತಲೆ ಎತ್ತದ ನಾಯಿ ಎದ್ದು ನಿಂತಿತು. ಕುಂಟುತ್ತಾ ಬಾಗಿಲಿಗೆ ಹೋಯಿತು. ಪುಟ್ಟಿ ಅದರ ಕೊರಳಪಟ್ಟಿಯ ಹಗ್ಗ ಹಿಡಿದು ಹಿಂದೆಯೇ ಎದ್ದಳು. “ಕರೀತಿದಾರೆ ಅಪ್ಪಾ,” ಅಂದಳು, ಶಾಲೆಯ ಗಂಟೆ ಆಯಿತು ಅನ್ನುವಷ್ಟೇ ಸಲೀಸಾಗಿ. ಇವನು ಎದ್ದು ಬಾಗಿಲಿಗೆ ಬರುವಷ್ಟರಲ್ಲಿ ಹಿತ್ತಿಲು ಖಾಲಿ. ಹೆಂಡತಿ ಕೂಗಿದ್ದು ಕೇಳಿಸಿತು, ಅದೂ ಹಿಂದೆ ಉಳಿಯಿತು. ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲಲ್ಲಿ ಇಲ್ಲ. ಓಡಿದ.

ಬಾವಿಯ ಹತ್ತಿರ ಕಂಡಳು.

ಪುಟ್ಟಿ ನಡೆಯುತ್ತಿರಲಿಲ್ಲ. ಎಳೆಯಲ್ಪಡುತ್ತಿದ್ದಳು. ಎರಡೂ ಕೈಯಲ್ಲಿ ಹಗ್ಗ ಹಿಡಿದು, ಹಿಮ್ಮಡಿ ನೆಲಕ್ಕೆ ಒತ್ತಿ ಹಿಂದಕ್ಕೆ ವಾಲಿದ್ದಾಳೆ. ಆದರೂ ಗೇಟಿನ ಕಡೆ ಒಂದೊಂದೇ ಗೇಣು ಜಾರುತ್ತಿದ್ದಾಳೆ. ನಾಯಿ ಎಳೆಯುತ್ತಿತ್ತು ಅಂದುಕೊಂಡಿರಾ? ನಾಯಿ ಕೂತಿತ್ತು. ಬೆನ್ನು ನೆಟ್ಟಗೆ. ಕೂತ ಹಾಗೆಯೇ ಮುಂದೆ ಮುಂದೆ ಹೋಗುತ್ತಿತ್ತು. ಬಾವಿಯ ರಾಟೆ ತಾನಾಗಿಯೇ ಒಂದು ಸುತ್ತು ತಿರುಗಿ... ಕಿರ್‍ರ್‍... ನಿಂತಿತು.

ಆಗ ಕೇಳಿಸಿತು. ಟಿಕಟಿಕ ಟಿಕ್ಕಟಿಕ. ಹತ್ತಾರು. ಒಂದಕ್ಕೊಂದು ಹೊಂದದೆ. ಎಡಗಡೆ. ಇಲ್ಲ... ಮುಂದೆ. ಇಲ್ಲ... ಪಕ್ಕದಲ್ಲೇ.

“ಬಿಡು ಪುಟ್ಟೀ! ಹಗ್ಗ ಬಿಡು!”

“ಬಿಡಲ್ಲ! ನನ್ನ ಬಟಾಣಿ ಇದು!” ಅಳುತ್ತಿದ್ದಳು. ಅಂಗೈ ಸುಲಿದಿತ್ತು. ಬಿಡಲಿಲ್ಲ, ಅಪ್ಪನ ಮಗಳು.

ಇವನು ಅವಳ ಸೊಂಟ ತಬ್ಬಿ ಹಿಡಿದ. ಇಬ್ಬರೂ ಜಾರಿದರು. ಆಗ ಕಿವಿಯ ಪಕ್ಕದಲ್ಲಿ, ಮೇಜಿನ ಮುಂದೆ ನಿಂತು ಮಾತಾಡಿದಷ್ಟೇ ಮೆಲ್ಲಗೆ...

“ಸಾರ್... ಯಾರ ಹೆಸರಲ್ಲಿದೆ?”

ಸುಳ್ಳು ಹೇಳಬಹುದಿತ್ತು. ನಾನಾಗಿದ್ದರೆ ಖಂಡಿತ ಹೇಳುತ್ತಿದ್ದೆ. ಆದರೆ ರಿಜಿಸ್ಟರಿನಲ್ಲಿ ಇಲ್ಲದ್ದನ್ನು ಇದೆ ಅನ್ನಲು ಆ ಬಾಯಿಗೆ ಬರುತ್ತಿರಲಿಲ್ಲ.

“ನಿಮ್ಮ ಹೆಸರಲ್ಲಿದೆ,” ಅಂದ.

ಹಗ್ಗ ಇನ್ನೂ ಬಿಗಿಯಿತು. ಪುಟ್ಟಿ ಕಿರುಚಿದಳು.

“ಹೆಸರು ನಿಮ್ಮದು! ಬಿಲ್ಲೆ ನಿಮ್ಮದು! ಪುಸ್ತಕದಲ್ಲಿರೋ ನಾಯಿ ನಿಮ್ಮ ಹತ್ರಾನೇ ಇದೆ. ಇದು ಅದಲ್ಲ. ಇದು ನನ್ನ ಮಗಳ ಮರಿ. ತಪ್ಪು ನಾನು ಮಾಡಿದ್ದು... ಗಡುವಿನೊಳಗೇ ಬಂದಿದೀರಿ. ಒಪ್ಪಿಸ್ತೀನಿ. ಈಗ್ಲೇ ಒಪ್ಪಿಸ್ತೀನಿ.”

ಮುಗ್ಗರಿಸಿ ಮುಂದೆ ಹೋಗಿ ಮರಿಯ ಕೊರಳಪಟ್ಟಿ ಹಿಡಿದ. ಬಿಲ್ಲೆಯ ಬಳೆ ಬಿಚ್ಚಲು ಉಗುರೇ ಸಾಲದು. ಹಲ್ಲಿನಿಂದ ಕಚ್ಚಿ ಬಿಡಿಸಿದ. ಗೇಟು ದಾಟಿ, ಕತ್ತಲಲ್ಲಿ ಎಡವುತ್ತಾ, ಮೂರನೆಯ ಸಾಲು, ಮೂಲೆಯ ಕಲ್ಲು. ತಾನೇ ಕಿತ್ತ ಜಾಗ, ಹುಡುಕಬೇಕಾಗಲಿಲ್ಲ. ತಾಮ್ರದ ತಂತಿ ಇನ್ನೂ ಕೊಕ್ಕೆಯಲ್ಲೇ ನೇತಾಡುತ್ತಿತ್ತು. ಬಿಲ್ಲೆ ಪೋಣಿಸಿದ. ಎರಡು ಸುತ್ತು ತಿರುಚಿದ.

ಗಡಿಯಾರಗಳು ನಿಲ್ಲತೊಡಗಿದವು. ಒಟ್ಟಿಗಲ್ಲ. ಒಂದು. ಆಮೇಲೆ ಇನ್ನೊಂದು. ಕೊನೆಗೆ ಒಂದೇ ಒಂದು ಉಳಿಯಿತು... ಟಿಕ್... ಟಿಕ್... ಅದೂ ನಿಂತಿತು.

ಸುಯ್ಯ್... ವಿಕ್.

ಕಲ್ಲಿನ ಆಚೆ ಕಡೆಯಿಂದ ಒಂದು ನಾಯಿ ಬೊಗಳಿತು. ಒಂದೇ ಸಲ. ಒಡಕು ದನಿ. ಮುದಿ ನಾಯಿಯದು.

ಬಾವಿಯ ಹತ್ತಿರ ಬಂದರೆ, ಪುಟ್ಟಿ ನೆಲದ ಮೇಲೆ ಕೂತಿದ್ದಾಳೆ. ಬಟಾಣಿ ಅವಳ ಲಂಗದ ಅಂಚು ಕಚ್ಚಿ ಎಳೆಯುತ್ತಿದೆ.

ನೇರ ನಮ್ಮ ಮನೆಗೇ ಬಂದರು. ಬಾಗಿಲು ತೆಗೆದವನು ನಾನು. ಒಂದೇ ಚಪ್ಪಲಿ, ಮೊಣಕಾಲೆಲ್ಲ ಮಣ್ಣು, ಬಾಯಲ್ಲಿ ಹಿತ್ತಾಳೆಯ ರುಚಿ ಹೋಗಲಿಲ್ಲ ಅಂತ ನಾಲ್ಕು ಸಲ ಮುಕ್ಕಳಿಸಿದ. ಪುಟ್ಟಿಯ ಅಂಗೈಗೆ ಔಷಧಿ ಹಚ್ಚಿದವಳು ನನ್ನ ಹೆಂಡತಿ. ಬೇಕಾದರೆ ಒಳಗೆ ಹೋಗಿ ಕೇಳಿ, ಎಚ್ಚರವಾಗೇ ಇದ್ದಾಳೆ. ಮರಿಯನ್ನು ಹೊಸ ಬಿಲ್ಲೆ ಬರುವವರೆಗೂ ನಮ್ಮ ಮನೆಯ ಅಟ್ಟದಲ್ಲಿ ಬಚ್ಚಿಟ್ಟೆವು. ಕಾಯ್ದೆ ಮುರಿದೆವು, ಹೌದು. ವ್ಯಾನಿನವನು ಬಂದಾಗ ಅದು ಬೊಗಳಿತು, ಕೆಮ್ಮಿದ್ದು ನಾನು ಅಂದೆ. ಕುಂಟು ಹೋಯಿತು, ಮೂತಿ ಮತ್ತೆ ಕಂದು ಬಣ್ಣಕ್ಕೆ ಬಂತು. ಕಿವಿಯ ಸೀಳು ಮಾತ್ರ ಹಾಗೇ ಉಳಿಯಿತು. ಆಮೇಲೆ ಹನ್ನೆರಡು ವರ್ಷ ಬದುಕಿತು ಆ ನಾಯಿ. ಮುಂದಿನ ಸಭೆಯಲ್ಲಿ ಕಲಂ ಎದ್ದು ನಿಂತು, ಸಮಾಧಿಗೆ ಒಂದು ಬಿಲ್ಲೆ ನೇತುಹಾಕಬಹುದು ಅಂತ ತಿದ್ದುಪಡಿ ಓದಿದ. ಯಾಕೆ ಅಂತ ಅಧ್ಯಕ್ಷರು ಕೇಳಿದರು. “ಸೇರಿಸಿಕೊಳ್ಳಿ ಸಾರ್,” ಅಂದನಂತೆ, ಅಷ್ಟೇ. ನೂರಾ ಹನ್ನೆರಡನೇ ನಾಯಿ ಸತ್ತಿತು ಅಂತ ಅವನು ರಿಜಿಸ್ಟರಿನಲ್ಲಿ ಕೊನೆಗೂ ಬರೆಯಲಿಲ್ಲ.

ಭ್ರಮೆ ಅಂತೀರಾ? ನಾನೂ ಅವತ್ತು ರಾತ್ರಿ ಹಾಗೇ ಅಂದಿದ್ದೆ. ತಮ್ಮಾ, ಹೆದರಿಕೆಯಲ್ಲಿ ಕಿವಿಗೆ ಏನೇನೋ ಕೇಳಿಸುತ್ತೆ ಅಂತ ಪಾಠ ಶುರುಮಾಡಿದ್ದೆ.

ಮರುದಿನ ಬೆಳಿಗ್ಗೆ ಅವನ ಜೊತೆ ಕಚೇರಿಗೆ ಹೋದವನು ನಾನೇ. ಬೀರುವಿನ ಬೀಗ ಹಾಕಿದ ಹಾಗೇ ಇತ್ತು. ಕೀಲಿ ಅವನ ಸೊಂಟದಲ್ಲಿ. ರಸೀತಿ ಪುಸ್ತಕ ತೆಗೆದ. ಮೇಲಿನ ಹಾಳೆ ಖಾಲಿ. “ನೋಡಿದ್ಯಾ?” ಅಂದೆ. ಅವನು ಆ ಹಾಳೆ ಎತ್ತಿದ, ಕೆಳಗಿನ ಕಾರ್ಬನ್ ಎತ್ತಿದ. ಅಡಿಯ ಪ್ರತಿಯಲ್ಲಿ, ಪಡೆದವರ ಸಹಿ ಅನ್ನುವ ಜಾಗದಲ್ಲಿ, ಗಡಿಯಾರದ ಚಕ್ರದ ಹಲ್ಲಿನಷ್ಟು ಸಣ್ಣ ಅಕ್ಷರದಲ್ಲಿ ಸಹಿ ಇತ್ತು. ಮೇಲಿನ ಹಾಳೆಯ ಮೇಲೆ ಬೆರಳಾಡಿಸಿದೆ. ಒತ್ತಿದ ಗುರುತು ಒಂದೂ ಇಲ್ಲ.

ನಾನು ಕಣ್ಣಾರೆ ನೋಡಿದ್ದೇನೆ. ಸಹಿಯ ಪಕ್ಕದಲ್ಲಿ ತಾರೀಖೂ ಇತ್ತು: ಸಾವಿರದ ಒಂಬೈನೂರ ಎಂಬತ್ತೇಳನೇ ಇಸವಿ, ನವೆಂಬರ್ ಹತ್ತೊಂಬತ್ತು, ಗುರುವಾರ.